ಮೇಸ್ತ್ರಿಯ ಸಮಾಧಿಗೆ ಸುಣ್ಣ

ಬೆಲ್ ಪ್ವಾಂಟ್, ಲೂಯಿಸಿಯಾನ
ಅಕ್ಟೋಬರ್ ೧೯, ಭಾನುವಾರ

ಪ್ರೀತಿಯ ತಮ್ಮ ಥಿಯೊಫಿಲ್‌ಗೆ,

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿಲ್ಲವೆಂದು ಪರದೆಯ ಮೇಲೆ ನಿನ್ನ ಕುತ್ತಿಗೆ ನೋಡಿದ ಕೂಡಲೇ ಗೊತ್ತಾಯಿತು. ಅಟ್ಲಾಂಟಾದಂಥ ದೊಡ್ಡ ಊರಿನಲ್ಲಿ ಒಂದು ಹಿಡಿ ಕೆಂಪು ಬೀನ್ಸ್ ಕಾಳು ಬೇಯಿಸಿಕೊಡುವವರು ಯಾರೂ ಇಲ್ಲವೆ? ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಗೊಣಗುತ್ತದೆ. ಕಬ್ಬಿನ ಕಟಾವು ಶುರುವಾಗಿದೆ, ರಸ್ತೆಯ ತುಂಬ ಲಾರಿಗಳು. ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಕಾಗದ. ಕಾಗದಕ್ಕಾದರೆ ನಿನಗೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ಹೌದು, ನಿನ್ನ ಸಿನಿಮಾ ನೋಡಿದೆ. ನೋಡಬೇಡವೆಂದು ನೀನು ಹೇಳಿದ್ದೆ. ಆದರೆ ಇಗರ್ಜಿಯವರೆಲ್ಲ ಬಸ್ಸು ಮಾಡಿಕೊಂಡು ಹೊರಟಾಗ ನಾನೊಬ್ಬಳು ಮನೆಯಲ್ಲಿ ಕೂತರೆ ಊರು ಏನನ್ನುತ್ತದೆ? ಪಕ್ಕದಲ್ಲಿ ನನ್ನ ಗೆಳತಿ ಪೆಲಾಜಿ ಕೂತಿದ್ದಳು, ಮಡಿಲಲ್ಲಿ ಗೆಣಸಿನ ಕಡುಬು ಕಟ್ಟಿಕೊಂಡು. ಮೊದಲರ್ಧ ಎಲ್ಲರಿಗೂ ಖುಷಿಯೋ ಖುಷಿ. ಗುಲಾಮನಾಗಿದ್ದ ಕಮ್ಮಾರ ಓಡಿಹೋಗಿ, ಕುದುರೆ ಬಂದೂಕು ಸಂಪಾದಿಸಿಕೊಂಡು ವಾಪಸು ಬರುತ್ತಾನೆ. ಬಿಳಿಯ ದಣಿಗಳನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾನೆ. ನನಗೂ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ? ನಮ್ಮವನೊಬ್ಬ ತಲೆಯೆತ್ತಿ ಕುದುರೆ ಮೇಲೆ ಕೂತದ್ದನ್ನು ಅಷ್ಟು ದೊಡ್ಡ ಪರದೆಯಲ್ಲಿ ನೋಡಲು ಎಪ್ಪತ್ತು ವರ್ಷ ಕಾದಿದ್ದೇನೆ. ಹಾಗಂತ ಎಲ್ಲವೂ ಹಿಡಿಸಲಿಲ್ಲ. ಅವನ ಹೆಂಡತಿಯ ಬೆನ್ನಿನ ಮೇಲೆ ಚಾವಟಿ ಬೀಳುವುದನ್ನು ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ತೋರಿಸಿದರಲ್ಲ, ಆ ಹೆಂಗಸಿಗೆ ಒಂದು ಮಾತಾದರೂ ಕೊಡಬಾರದಿತ್ತೆ? ಕೊನೆಗೆ ಆಲೆಮನೆಗೆ ಬೆಂಕಿ ಹಚ್ಚಿ ಗಂಡಹೆಂಡತಿ ಹೊರಟೇಬಿಟ್ಟರು. ಅಂಗಳದಲ್ಲಿ ನಿಂತಿದ್ದ ಮಿಕ್ಕ ಗುಲಾಮರು? ಮಾರನೆಯ ದಿನ ಬಿಳಿಯರು ಬಂದು ಅವರನ್ನು ಏನು ಮಾಡಿದರು? ನಾವೆಲ್ಲ ಹಾಗೆ ಉಳಿದವರ ಮಕ್ಕಳು ಕಣೋ, ಓಡಿಹೋದವರ ಮಕ್ಕಳಲ್ಲ. ಪೆಲಾಜಿಗೆ ಇದನ್ನು ಹೇಳಿದರೆ, “ಅಯ್ಯೋ, ದುಡ್ಡು ಕೊಟ್ಟು ಬಂದಿದೀಯ, ಸುಮ್ನೆ ನೋಡೇ” ಎಂದು ಗದರಿದಳು.

ಇನ್ನು ನೀನು ಮಾಡಿದ ಪಾತ್ರ. ದಣಿಯ ಪರವಾಗಿ ಚಾವಟಿ ಹಿಡಿದು ತನ್ನವರನ್ನೇ ದುಡಿಸುವ ಗುಲಾಮ, ಮೇಸ್ತ್ರಿ. ಒಂದು ಕಡೆ ದಣಿ ಚಾವಟಿ ಕೊಡುತ್ತಾನೆ, ನೀನು ಅಂಗೈಯನ್ನು ಷರಾಯಿಗೆ ಎರಡು ಸಲ ಒರೆಸಿಕೊಂಡು ತೆಗೆದುಕೊಳ್ಳುತ್ತೀ. ಅದನ್ನು ನಿನಗೆ ಯಾರು ಹೇಳಿಕೊಟ್ಟರು? ಇಡೀ ಸಿನಿಮಾದಲ್ಲಿ ನಾನು ನಂಬಿದ್ದು ಅದೊಂದನ್ನೇ. ಉಳಿದಂತೆ ಆ ಮೇಸ್ತ್ರಿಗೆ ಮನೆಯಿಲ್ಲ, ಹೆಂಡತಿಯಿಲ್ಲ, ಮಕ್ಕಳಿಲ್ಲ, ಹೆಸರು ಕೂಡ ಇಲ್ಲ. ಇಲ್ಲದವನನ್ನು ಕೊಲ್ಲುವುದು ಸುಲಭ. ಕಮ್ಮಾರ ನಿನ್ನನ್ನು ಎತ್ತಿ ಕುದಿಯುವ ಕೊಪ್ಪರಿಗೆಗೆ ಹಾಕಿದಾಗ ಥಿಯೇಟರಿನಲ್ಲಿದ್ದವರೆಲ್ಲ ಎದ್ದು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಥಿಯೊ. ನಾಲ್ಕು ಸಲ ಕೈ ತಟ್ಟಿದ ಮೇಲೆ ಕೊಪ್ಪರಿಗೆಯಲ್ಲಿರುವವನು ನಾನು ಎತ್ತಿ ಆಡಿಸಿದ ಮಗುವೆಂದು ಹೊಳೆಯಿತು. ಕೈ ಎಲ್ಲಿಡಬೇಕೋ ತಿಳಿಯದೆ ಚೀಲದೊಳಗೆ ಹಾಕಿಕೊಂಡೆ.

ಬಸ್ಸಿನಲ್ಲಿ ಅದೇ ಹಳೆಯ ಹಾಡು. “ಮೇಸ್ತ್ರಿ ಮನೆ ಹುಡುಗ ಅಲ್ವಾ, ಕಲಿಸೋದೇ ಬೇಕಾಗಿರ್ಲಿಲ್ಲ, ರಕ್ತದಲ್ಲೇ ಬಂದಿದೆ” ಎಂದ ಹಿಂದಿನ ಸೀಟಿನ ಅಲ್ಸೀದ್. ಎಲ್ಲರೂ ನಕ್ಕರು. ಸ್ಕೂಲಿನಲ್ಲಿ ನಿನ್ನನ್ನು ಅಳಿಸುತ್ತಿದ್ದದ್ದೂ ಇದೇ ಮಾತು. ನಾನು ತಿರುಗಿ, “ನಿಮ್ಮ ಮನೇಲಿ ಯಾರೂ ಹಂಗೆ ಬದುಕ್ಲಿಲ್ಲ, ಅದಕ್ಕೇ ನಿಮಗೆ ಅಷ್ಟು ಚಂದ ನಟಿಸೋಕೆ ಬರಲ್ಲ ಬಿಡು” ಎಂದೆ.

ನೀನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟ ಮಾತು ಕೇಳಿಸಿಕೊಂಡಿದ್ದೇನೆ. “ಸಕಲ ಸಂತರ ಹಬ್ಬಕ್ಕೆ ನಾನು ಬರಲ್ಲ ಅಕ್ಕ. ಆ ಮೇಸ್ತ್ರಿ ಹೊನೊರೆ ಗೋರಿಗೆ ಸುಣ್ಣಾನೂ ಬಳೀಬೇಡ. ಅವನ ಹೆಸರಲ್ಲಿ ಒಂದ್ಸಲ ಸತ್ತಾಯ್ತು, ಸಾಕು.” ಸಿಟ್ಟಿನಲ್ಲಿ ಆಡಿದ್ದೀಯ, ಇರಲಿ. ಆದರೆ ಹಬ್ಬದ ದಿನ ಹೊತ್ತು ಮುಳುಗಿದಾಗ ಸುಣ್ಣ ಕಾಣದ ಸಮಾಧಿಯೆಂದರೆ ಅವನಿಗೆ ಯಾರೂ ಉಳಿದಿಲ್ಲವೆಂದು ಅರ್ಥ. ನಾವಿಬ್ಬರೂ ಗಟ್ಟಿಮುಟ್ಟಾಗಿ ಉಂಡುಕೊಂಡು ಇದ್ದೇವಲ್ಲ.

ಹೊನೊರೆ ಒಳ್ಳೆಯವನೆಂದು ನಾನು ಹೇಳುವುದಿಲ್ಲ. ಅಜ್ಜಿ ತನ್ನ ಅಜ್ಜನಾದ ಅವನನ್ನು ಕಣ್ಣಾರೆ ಕಂಡವಳು. ಅವನು ಗುಟ್ಟಾಗಿ ಯಾರನ್ನೂ ಕಾಪಾಡಲಿಲ್ಲ, ಹೆಂಡತಿಯ ತಂಗಿಯನ್ನೇ ಹೊಡೆದ, ಪೆಲಾಜಿಯ ಹಿರಿಯರನ್ನಂತೂ ಲೆಕ್ಕವಿಲ್ಲದಷ್ಟು ಹೊಡೆದ. ಸ್ವಾತಂತ್ರ್ಯ ಬಂದ ಮೇಲೂ ಯಾರೂ ಅವನ ಮನೆಯ ನೀರು ಮುಟ್ಟಲಿಲ್ಲ. ಆದರೂ ಅಜ್ಜಿ ವರ್ಷಕ್ಕೊಮ್ಮೆ ಸುಣ್ಣದ ಬಕೆಟ್ಟು ಹಿಡಿದು ಬೇಲಿಯ ಪಕ್ಕದ ಅವನ ಸಮಾಧಿಗೆ ಹೋಗುತ್ತಿದ್ದಳು. ನಾನು ಯಾಕೆಂದು ಕೇಳಿದ್ದಕ್ಕೆ, “ಬಿಳಿಯರು ಮಾಡಿಟ್ಟಿದ್ದನ್ನ ಬಿಳಿಯರು ಬಂದು ತೊಳೀತಾರೇನೇ? ನಮ್ಮದು, ನಾವೇ ನೋಡ್ಕೋಬೇಕು” ಎಂದಿದ್ದಳು. ಸುಣ್ಣ ಬಳಿದರೆ ಕ್ಷಮಿಸಿದಂತಲ್ಲ. ಅವನು ಇದ್ದ, ನಮ್ಮವನಾಗಿದ್ದ, ಅಷ್ಟೇ. ನಿನ್ನ ಸಿನಿಮಾದವರಿಗೆ ಅಷ್ಟು ಹೇಳುವ ಪುರುಸೊತ್ತು ಇರಲಿಲ್ಲ. ನಿನಗೆ ಇದೆ ಎಂದುಕೊಂಡಿದ್ದೇನೆ.

ನಿನ್ನ ಮೇಲೆ ನನಗೆ ನಾಚಿಕೆಯಿಲ್ಲ, ತಿಳಿಯಿತೆ? ಹೆಮ್ಮೆಯೇ ಇದೆ. ದೇವಮಾತೆ ನಿನ್ನನ್ನು ಕಾಯಲಿ. ಬೆನ್ನಿಗೆ ಬಿಸಿ ಶಾಖ ಕೊಟ್ಟುಕೋ, ತಣ್ಣೀರಿನಲ್ಲಿ ಸ್ನಾನ ಮಾಡಬೇಡ.

ನಿನ್ನ ಅಕ್ಕ,
ಓದೀಲ್

ಮ.ವಿ.: ಇದನ್ನು ಬರೆಯಬಾರದೆಂದುಕೊಂಡಿದ್ದೆ. ಸಿನಿಮಾ ನೋಡಿ ಬಂದ ಮೂರನೆಯ ದಿನ ಯಾರೋ ಹೊನೊರೆಯ ಶಿಲುಬೆಯನ್ನು ಒಡೆದುಹಾಕಿದ್ದಾರೆ. ಎರಡು ತುಂಡಾಗಿದೆ, ಮೇಲಿನ ಚಪ್ಪಡಿಯೂ ಜಾರಿದೆ. ಬಂದು ತಿಳಿಸಿದವಳು ಪೆಲಾಜಿ. “ಕೂತ್ಕೊಂಡು ಕೇಳು ಓದೀಲ್” ಎಂದು ನನ್ನನ್ನು ಕೂರಿಸಿ, ಹೇಳಿ, ನನಗಿಂತ ಮೊದಲು ಅವಳೇ ಅತ್ತಳು. ಯಾರೆಂದು ನಾನು ವಿಚಾರಿಸಿಲ್ಲ, ವಿಚಾರಿಸುವುದೂ ಇಲ್ಲ. ಸಿಮೆಂಟು ತರಿಸಿಟ್ಟಿದ್ದೇನೆ. ಚಪ್ಪಡಿಯ ಇನ್ನೊಂದು ತುದಿ ತಾನು ಹಿಡಿಯುತ್ತೇನೆ ಎನ್ನುತ್ತಿದ್ದಾಳೆ ಪೆಲಾಜಿ. ಅವಳಿಗೆ ಎಪ್ಪತ್ತೆಂಟು. ಆ ತುದಿ ಹಿಡಿಯಬೇಕಾದವಳು ಅವಳಲ್ಲ, ಥಿಯೊ. ಬಾ.