ಪಾತಾಳದ ಐದನೇ ಅಂತಸ್ತು

ಜೂನ್ 8, 1998, ಸೋಮವಾರ
ಹೊಳೆನರಸೀಪುರ

ಮತ್ತೆ ಸತ್ತೆ. ಅದೇ ಮೂರನೇ ಅಂತಸ್ತು, ಅದೇ ಜೇಡಗಳ ಕೋಣೆ. ಕತ್ತಿಯವ, ಕಳ್ಳ, ಮಂತ್ರವಾದಿ, ವೈದ್ಯೆ — ನಾಲ್ವರೂ ಹೋದರು.

ಬೆಳಗಿನ ಬ್ಯಾಚ್ ಹೋಗಿ ಸಂಜೆಯದು ಬರುವ ತನಕ ಕಂಪ್ಯೂಟರ್ ಸೆಂಟರ್‌ನಲ್ಲಿ ನಾನೊಬ್ಬಳೇ. ಊಟದ ಡಬ್ಬಿ ಒಂದು ಕಡೆ, ಈ ಆಟ ಒಂದು ಕಡೆ. ಫ್ಲಾಪಿಯ ಚೀಟಿ ಕಿತ್ತುಹೋಗಿದೆ, ನಿಜವಾದ ಹೆಸರು ಗೊತ್ತಿಲ್ಲ. ನೆಲದಡಿ ಏಳು ಅಂತಸ್ತು ಇಳಿದು, ರಾಕ್ಷಸ ಕದ್ದ ಕಿರೀಟ ತರಬೇಕು. ನಾನು ಪಾತಾಳ ಅಂತ ಕರೆಯುತ್ತೇನೆ.

ಇವತ್ತು ಬಿಂದುಶ್ರೀ ವಾಪಸ್ ಬಂದಳು. ಹೋದ ವರ್ಷ ಕೋರ್ಸ್ ಅರ್ಧಕ್ಕೆ ಬಿಟ್ಟವಳು. ಬಿ.ಕಾಂ. ಓದಿದ ಹುಡುಗಿ. ಆಗ ಸಂಜೆಯಾದರೆ ಕಣ್ಣು ಮಂಜು ಅನ್ನುತ್ತಿದ್ದಳು. ಈಗ ಹಗಲೂ ಕಾಣುವುದಿಲ್ಲ. ಪೂರ್ತಿ ಹೋಗಿದೆ. ಅವಳಪ್ಪ ಶಿವಯ್ಯ, ರಸ್ತೆ ಗ್ಯಾಂಗಿನಲ್ಲಿ ಕೆಲಸ, ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಂದರು.

"ಮನೇಲಿ ಕುಂತು ಕುಂತು ಮಂಕಾಗವ್ಳೆ ಮೇಡಂ. ಟೈಪಾದ್ರೂ ಒಡೀಲಿ. ಸಂಜೆ ನಾನೇ ಬಂದು ಕರ್ಕೊಂಡೋಯ್ತೀನಿ. ಒಬ್ಳೇ ಎಲ್ಲೂ ಬುಡ್ಬೇಡಿ."

ಬೆರಳುಗಳು ಏನೂ ಮರೆತಿಲ್ಲ. ಚಕಚಕ ಟೈಪ್ ಮಾಡಿದಳು. ಮಧ್ಯಾಹ್ನ ನಾನು ಆಡಲು ಕೂತಾಗ ಪಕ್ಕದ ಸ್ಟೂಲಿನಿಂದ ಕೇಳಿದಳು —

"ಅದೇನಕ್ಕ ಟೊಕ್ ಟೊಕ್ ಅಂತದೆ?"

"ಗೋಡೆಗೆ ಡಿಕ್ಕಿ ಹೊಡೀತಿದೀನಿ."

"ಯಾವ ಗ್ವಾಡೆ?"

ಹೇಳಿದೆ. ಎಲ್ಲ ಹೇಳಿದೆ. ಸಂಜೆಯ ಬ್ಯಾಚಿನ ಹುಡುಗರು ಬಂದಿದ್ದೂ ತಿಳಿಯಲಿಲ್ಲ.

ಜೂನ್ 12, ಶುಕ್ರವಾರ

ಈಗ ಆಡುವವಳು ಅವಳು. ನಾನು ಬರೀ ಕಣ್ಣು. ಪರದೆಯಲ್ಲಿ ಏನಿದೆ ಅಂತ ಓದಿ ಹೇಳುತ್ತೇನೆ, ಅವಳು ತೀರ್ಮಾನ ಮಾಡುತ್ತಾಳೆ.

ಕತ್ತಿಯವನಿಗೆ ಅವಳ ತಾತನ ಹೆಸರು: ಬೈರಯ್ಯ. "ತಾತ ಇದ್ದಿದ್ರೆ ಕುಸಿಯಾಗೋನು."

ಆಟದ ಮೊದಲ ಅಂಗಡಿಯಲ್ಲೇ ನನಗೂ ಅವಳಿಗೂ ಜಗಳ. ನಾನು ಇದ್ದ ದುಡ್ಡಿಗೆಲ್ಲ ದೊಡ್ಡ ಕತ್ತಿ ಕೊಳ್ಳುವವಳು. ಅವಳು ಹಗ್ಗ, ಪಂಜು, ರೊಟ್ಟಿ ಕೊಂಡಳು. "ಒಟ್ಟೆಗಿಲ್ದೆ ಕತ್ತಿ ಇಟ್ಕೊಂಡು ಏನ್ ಮಾಡೀರಿ?" ಛತ್ರದ ಮುದುಕನನ್ನು ಎರಡೆರಡು ಸಲ ಮಾತಾಡಿಸಿದಳು. ಎರಡನೇ ಸಲ ಬೇರೆಯದೇ ಮಾತು ಹೇಳಿದ — ತುಕ್ಕು ಹಿಡಿದ ಬೀಗದ ಕೈ ಮಾರಬೇಡಿ ಅಂತ. ಎರಡು ವರ್ಷದಿಂದ ಆಡುತ್ತಿದ್ದೇನೆ. ಪ್ರತಿ ಸಲ ಮಾರಿದ್ದೇನೆ!

ಒಂದು ಷರತ್ತು ಹಾಕಿದಳು. "ಸತ್ರೆ ಸತ್ತಂಗೆ ಕಣಕ್ಕ. ಮೊದ್ಲಿಂದ ಆಡಾದು. ಇಂದ್ಕೋಗಿ ಸರಿ ಮಾಡ್ಕಳಾದು ಬ್ಯಾಡ."

ಸರಿ ಅಂದೆ.

ಜೂನ್ 22, ಸೋಮವಾರ

ಜೇಡಗಳ ಕೋಣೆ ದಾಟಿದೆವು! ಅವಳ ಉಪಾಯ ಎಷ್ಟು ಸಲೀಸು... ಬಾಗಿಲು ತೆಗೆಯುವ ಮುಂಚೆ ಕಳ್ಳನನ್ನು ಕಿವಿಗೊಡಲು ನಿಲ್ಲಿಸಿದಳು. ಒಳಗೆ ಬಹಳ ಇವೆ ಅಂತ ಗೊತ್ತಾಯಿತು. ನಾನಾಗಿದ್ದರೆ ಬೆಂಕಿ ಮಂತ್ರ ಎಸೆದು ನುಗ್ಗುತ್ತಿದ್ದೆ. ಅವಳು ಮೊದಲು ನಿದ್ದೆ ಮಂತ್ರ. ಎಲ್ಲ ಮಲಗಿದ ಮೇಲೆ ಒಂದೊಂದಾಗಿ ಬೈರಯ್ಯನ ಕತ್ತಿಗೆ. ವೈದ್ಯೆಯ ಶಕ್ತಿ ಅರ್ಧ ಉಳಿದೇ ಇತ್ತು. ಬಳಸೋಣ, ಬೈರಯ್ಯನಿಗೆ ಗಾಯವಾಗಿದೆ ಅಂದೆ.

"ಬ್ಯಾಡಿ. ಇಳಿಯಕ್ಕೆ ಎಲ್ಲಾರ್ಗೂ ಆಯ್ತದೆ. ಅತ್ತಕ್ಕೆ ಬೇಕಲ್ಲ?"

ಎಷ್ಟು ಸಲ ಕಿರೀಟದ ಆಸೆಗೆ ಇಳಿದು ಇಳಿದು, ವಾಪಸ್ ಹತ್ತಲಾಗದೆ ಸತ್ತಿದ್ದೇನೆ ನಾನು. ಯಾರೂ ಹೇಳಿಕೊಟ್ಟಿರಲಿಲ್ಲ.

ಜುಲೈ 3, ಶುಕ್ರವಾರ

ಏನು ಮಾಡಿಬಿಟ್ಟೆ.

ನಾಲ್ಕನೇ ಅಂತಸ್ತು. ವಿಷದ ಹಳ್ಳ. ಮೊದಲು ಕಳ್ಳ ಸತ್ತ, ಆಮೇಲೆ ಮಂತ್ರವಾದಿ, ವೈದ್ಯೆ, ಕೊನೆಗೆ ಬೈರಯ್ಯ. ಅವಳಿಗೆ ಕಾಣುವುದಿಲ್ಲ. ಮುಖ ನೋಡಿದೆ — ಎಷ್ಟು ದಿನದ ಮೇಲೆ ಆ ಮುಖದಲ್ಲಿ ನಗು. ಹೇಳಲು ಮನಸ್ಸಾಗಲಿಲ್ಲ. "ಪಾರಾದೆವು!" ಅಂದು, ಸುಮ್ಮನೆ ನಿನ್ನೆ ಸೇವ್ ಮಾಡಿದ್ದ ಆಟವನ್ನೇ ಮತ್ತೆ ಹಾಕಿದೆ.

ಫ್ಲಾಪಿ ಕಿರ್ ಅಂದಿತು.

ಅವಳ ಕೈ ಕೀಬೋರ್ಡಿನಿಂದ ಮೇಲಕ್ಕೆದ್ದಿತು. "ಫ್ಲಾಪಿ ಯಾಕಕ್ಕ ತಿರುಗ್ತು?"

ನಾನು ಡ್ರೈವಿನ ದೀಪ ಆರುವುದನ್ನೇ ನೋಡಿದೆ.

"ಸತ್ವಾ?"

"...ಹೂಂ."

"ಮನೇಲಿ ಎಲ್ಲಾರೂ ಇಂಗೇ ಮಾಡ್ತಾರೆ. ಚೆಂದಾಗಿಲ್ದಿದ್ರೂ ಚೆಂದಾಗದೆ ಅಂತಾರೆ. ಡಾಕ್ಟ್ರು ಕಣ್ ಬರಲ್ಲ ಅಂದಿದ್ನ ಆರ್ ತಿಂಗ್ಳು ಮುಚ್ಚಿಟ್ರು. ನೀವೊಬ್ರು ಇದ್ದಂಗೆ ಏಳ್ತೀರಿ ಅನ್ಕೊಂಡಿದ್ದೆ."

ಗೋಡೆ ಹಿಡಿದುಕೊಂಡು ಹೊರಗಿನ ಜಗಲಿಗೆ ಹೋಗಿ ಕೂತಳು. ಶಿವಯ್ಯನವರು ಬರುವ ತನಕ ಅಲ್ಲೇ. ಸಂಜೆಯ ಬ್ಯಾಚಿಗೆ ಏನು ಪಾಠ ಮಾಡಿದೆನೋ.

ಜುಲೈ 27, ಸೋಮವಾರ

ಮೂರು ವಾರದಿಂದ ಬಿಂದು ಬಂದಿಲ್ಲ. ಇವತ್ತೂ ಬರದಿದ್ದರೆ ನಾನೇ ಹೋಗಬೇಕು ಅಂದುಕೊಂಡಿದ್ದೆ. ಬರಲಿಲ್ಲ. ಹೋದೆ. ಹೊಳೆ ಕಡೆಯ ದಾರಿ. ಎರಡು ಸಲ ಕೇಳಿ ಮನೆ ಹುಡುಕಿದೆ.

ಅವಳಮ್ಮ ಪಾರ್ವತಮ್ಮ ಚಾಪೆ ಹಾಸಿದರು. ಕಾಫಿ ಮಾಡಿ, ಲೋಟ ಕೈಯಲ್ಲೇ ಹಿಡಿದು ನಿಂತರು. "ನಮ್ಮನೇಲಿ... ಕುಡೀತೀರಾ ಅವ್ವಾ?" ಕೈ ಚಾಚಿ ಇಸಕೊಂಡೆ. ಕುಡಿದೆ. ಬೆಲ್ಲದ ಕಾಫಿ, ಚೆನ್ನಾಗಿತ್ತು.

ಬಿಂದು ಒಳಬಾಗಿಲಲ್ಲಿ. ನಾನು ಸುತ್ತು ಬಳಸದೆ ಹೇಳಿದೆ. "ಬಿಂದು, ನಾಲ್ವರೂ ಸತ್ತರು. ವಿಷದ ಹಳ್ಳದಲ್ಲಿ. ನೀನು ಹಗ್ಗ ಕಟ್ಟದೆ ಇಳಿಸಿದೆ, ಅದು ನಿನ್ನ ತಪ್ಪು. ಸುಳ್ಳು ಹೇಳಿದ್ದು ನನ್ನ ತಪ್ಪು."



"ಅಗ್ಗ ಕಟ್ಬೇಕಾಗಿತ್ತು," ಅಂದಳು. ಆಮೇಲೆ — "ನಾಳೆ ಮೊದ್ಲಿಂದ."

ಆಗಸ್ಟ್ 12, ಬುಧವಾರ

ಬರೆಯಲೇಬೇಕು.

ಐದನೇ ಅಂತಸ್ತು. ನಾನು ಇದುವರೆಗೆ ಕಂಡಿರದ ಜಾಗ. ಮೆಟ್ಟಿಲಿಳಿದ ತಕ್ಷಣ ಪರದೆ ಪೂರ್ತಿ ಕಪ್ಪು. ಪಂಜು ಹತ್ತುವುದಿಲ್ಲ. ಬೆಳಕಿನ ಮಂತ್ರವೂ ಇಲ್ಲ. "ಬಿಂದು, ಏನೂ ಕಾಣ್ತಿಲ್ಲ ಕಣೇ. ಮಾನಿಟರ್ ಹೋಯ್ತೋ ಏನೋ..." ಗಾಬರಿಯಲ್ಲಿ ವಾಪಸ್ ಮೆಟ್ಟಿಲು ಹುಡುಕಿದೆ, ಅದೂ ಸಿಗಲಿಲ್ಲ.

ಅವಳು ನಕ್ಕಳು. "ಈಗ ಇಬ್ರೂ ಸರಿಸಮ ಆದೋ. ಇತ್ಲಾಗ್ ಕೊಡಿ."

ಬಾಣದ ಕೀಲಿಗಳ ಮೇಲೆ ಅವಳ ಬೆರಳು. ಎಡಗಡೆ ಗೋಡೆಯನ್ನು ಬಿಡಲೇ ಇಲ್ಲ. ಎಡಕ್ಕೆ ತಿರುಗಿ ಒಂದು ಹೆಜ್ಜೆ — ಟೊಕ್. ಗೋಡೆ ಇದೆ, ಮುಂದೆ ಹೋಗು. ಟೊಕ್ ಅನ್ನದಿದ್ದರೆ ಅಲ್ಲಿ ದಾರಿ. ಪ್ರತಿ ಮೂಲೆಯಲ್ಲೂ ಉರಿದು ಮುಗಿದ ಪಂಜೊಂದನ್ನು ಕೆಳಗೆ ಹಾಕಿಸಿದಳು. ಯಾಕೆ ಅಂತ ತಿಳಿಯಲಿಲ್ಲ. ಆಮೇಲೆ ಪರದೆಯ ಅಡಿಯಲ್ಲಿ ಸಾಲೊಂದು ಬಂತು, ಓದಿದೆ: ಇಲ್ಲಿ ನೆಲದ ಮೇಲೆ ಪಂಜು ಬಿದ್ದಿದೆ.

"ಅಂಗಾರೆ ಸುತ್ತಾಕ್ಕೊಂಡು ಬಂದಿದ್ದೀವಿ. ಎತ್ಕಳಿ ಅದ್ನ. ಇಲ್ಲಿಂದ ಬಲಗಡೆ ಗ್ವಾಡೆ ಇಡ್ಕಳಾನ."

ಯಾವ ಮೂಲೆ, ಯಾವ ತಿರುವು, ಎಲ್ಲಿ ಕುರುಡು ದಾರಿ — ಎಲ್ಲ ಅವಳ ತಲೆಯಲ್ಲಿ. ನಾನು ಕಣ್ಣಿದ್ದೂ ಎಲ್ಲಿದ್ದೇವೆ ಅಂತ ತಿಳಿಯದೆ ಸ್ಟೂಲಿನ ಅಂಚು ಹಿಡಿದು ಕೂತಿದ್ದೆ. ಎಂಥ ಹುಡುಗಿ ಇವಳು!

ಮಳೆ ಅಂತ ಶಿವಯ್ಯನವರು ಬೇಗ ಬಂದಿದ್ದರು. ಬಾಗಿಲಲ್ಲಿ ನಿಂತಿದ್ದನ್ನು ನಾನೂ ನೋಡಿರಲಿಲ್ಲ.

"ಮೇಡಂ, ಟೀವಿ ಆರೋಗದೆ."

"ಇಲ್ಲ ಶಿವಯ್ಯನೋರೆ, ಆಟದಲ್ಲೇ ಕತ್ತಲೆ."

"ಮತ್ತೆ ಇವ್ಳು ಎಲ್ಲಿಗೋಯ್ತಾವ್ಳೆ?"

"ಮೆಟ್ಟಿಲು ಹುಡುಕ್ತಿದಾಳೆ."

ಮೆಟ್ಟಿಲು ಸಿಕ್ಕಿತು. ಬಿಂದು ಸ್ಟೂಲಿನಿಂದ ಎದ್ದು ಕುಣಿದಳು. ಶಿವಯ್ಯನವರು ಹೊರಗೆ ಹೋಗಿ ಸೈಕಲ್ ಸೀಟು ಒರೆಸಿದರು. ಮಳೆ ಸುರಿಯುತ್ತಲೇ ಇತ್ತು. ಮತ್ತೆ ಒರೆಸಿದರು.

ಆಗಸ್ಟ್ 29, ಶನಿವಾರ

ಹಾಸನದ ನರ್ಸಿಂಗ್ ಹೋಂ ಒಂದಕ್ಕೆ ಟೆಲಿಫೋನ್ ಆಪರೇಟರ್ ಬೇಕಂತೆ. ಕಣ್ಣಿಲ್ಲದವರೂ ಬರಬಹುದು ಅಂತ ಪೇಪರಿನಲ್ಲೇ ಹಾಕಿದ್ದಾರೆ. ಅರ್ಜಿ ಹಾಕಿದ್ದಳು. ಸೆಪ್ಟೆಂಬರ್ 14ಕ್ಕೆ ಇಂಟರ್‌ವ್ಯೂಗೆ ಕರೆದಿದ್ದಾರೆ. ನಾನು ಜೊತೆಗೆ ಬರುತ್ತೇನೆ ಅಂದೆ. ಬೇಡ ಅಂದಳು. ಕೆಲಸ ಸಿಕ್ಕಿದರೆ ದಿನಾ ಯಾರು ಬರುತ್ತಾರೆ? ಒಬ್ಬಳೇ ಹೋಗಿ ನೋಡಬೇಕು.

ಸಂಜೆ ಶಿವಯ್ಯನವರ ಮುಂದೆ ಹೇಳಿದಳು. ಅವರು ಸಿಟ್ಟಾಗಲಿಲ್ಲ, ಅದೇ ಕಷ್ಟ.

"ಮೊನ್ನೆ ನೋಡ್ದೆ ಕಣವ್ವ, ನಿನ್ ಬುದ್ಧಿ ದೊಡ್ಡದು. ಆದ್ರೆ ಆಟ ಬ್ಯಾರೆ, ಆಸನದ ಬಸ್‌ಸ್ಟ್ಯಾಂಡ್ ಬ್ಯಾರೆ. ಅಲ್ಲಿ ಸತ್ರೆ ಮೊದ್ಲಿಂದ ಆಡಕಾಯ್ತದಾ?"



ಬಿಂದು ಅಪ್ಪನ ಕಡೆ ತಿರುಗಿದಳು. "ಅದ್ಕೇ ಅಪ್ಪ, ನಾನು ಆಟದಲ್ಲೂ ಸತ್ರೆ ಸತ್ತಂಗೆ ಅಂತಲೇ ಆಡಿದ್ದು. ಎದ್ರುಕೊಂಡೇ ಆಡಿದ್ದು. ಎದ್ರಿಕೆ ಇರೋರು ನೋಡ್ಕೊಂಡು ಕಾಲಿಡ್ತಾರೆ."

ಶಿವಯ್ಯನವರು ಚಪ್ಪಲಿ ಕಳಚಿ ಮತ್ತೆ ಮೆಟ್ಟಿಕೊಂಡರು. ಕೊನೆಗೆ ನನ್ನ ಕಡೆ ತಿರುಗಿ — "ನೀವು ಮುಂಚೆ ಓಗಿ ಅಲ್ಲಿ ನಿಂತಿರ್ತೀರಾ ಮೇಡಂ? ಬಸ್ ನಾನೇ ಅತ್ತಿಸ್ತೀನಿ."

ಬಿಂದು: "ನಿಂತಿರಿ. ಆದ್ರೆ ಕರೀಬ್ಯಾಡಿ. ಬಸ್‌ಸ್ಟ್ಯಾಂಡ್ ಗೇಟ್ ತಾವ ನಾನೇ ಬತ್ತೀನಿ."

ಸೆಪ್ಟೆಂಬರ್ 10, ಗುರುವಾರ

ಎರಡು ವಾರದಿಂದ ಬಿಳಿ ಕೋಲು ಹಿಡಿದು ದಿನಾ ಸೆಂಟರಿನಿಂದ ನಮ್ಮ ಬಸ್‌ಸ್ಟ್ಯಾಂಡಿಗೆ ಹೋಗಿ ಬರುತ್ತಿದ್ದಾಳೆ. ಒಂದು ದಿನ ಚರಂಡಿಗೆ ಕಾಲು ಹಾಕಿ ಮಂಡಿ ತರಚಿಕೊಂಡಳು. ಯಾರಿಗೂ ಹೇಳಬೇಡಿ ಅನ್ನಲಿಲ್ಲ. ತಾನೇ ಹೋಗಿ ಅಪ್ಪನಿಗೆ ಹೇಳಿದಳು.

ಇವತ್ತು ಕಿರೀಟ ಸಿಕ್ಕಿತು. ಹತ್ತಿ ಮೇಲೂ ಬಂದೆವು, ನಾಲ್ವರೂ ಜೀವಂತ! ಅಭಿನಂದನೆ ಅಂತ ಬಂದದ್ದನ್ನು ಗಟ್ಟಿಯಾಗಿ ಓದಿದೆ.

"ಅಷ್ಟೇನಾ?" ಅಂದಳು. "ಮತ್ತೇನಿಲ್ವಾ?"

ಸೆಪ್ಟೆಂಬರ್ 14, ಸೋಮವಾರ
ಹಾಸನ, ಬಸ್‌ಸ್ಟ್ಯಾಂಡ್, ಬೆಳಗ್ಗೆ

ಗೇಟಿನ ಹತ್ತಿರ ಹೂವಿನವರ ಪಕ್ಕ ನಿಂತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು, ಅದಕ್ಕೇ ಬರೆಯುತ್ತಿದ್ದೇನೆ. ಎಷ್ಟು ಗಲಾಟೆ ಇಲ್ಲಿ. ಸಕಲೇಶಪುರ, ಬೇಲೂರು, ಅರಸೀಕೆರೆ ಅಂತ ಕಂಡಕ್ಟರುಗಳು ಒಂದೇ ಸಮನೆ ಕೂಗುತ್ತಿದ್ದಾರೆ.

ಹೊಳೆನರಸೀಪುರದ ಬಸ್ ಬಂತು.

ಇಳಿದಳು. ನೀಲಿ ಚೂಡಿದಾರ್, ಎಣ್ಣೆ ಹಾಕಿ ಬಿಗಿದ ಜಡೆ. ಜನ ಇಳಿದು ಚದುರುವ ತನಕ ಬಸ್ಸಿಗೆ ಒರಗಿ ನಿಂತಳು. ಯಾರನ್ನೋ ಏನೋ ಕೇಳಿದಳು. ಅವರು ಕೈ ತೋರಿಸಿದರು — ಅಯ್ಯೋ, ಕೈ ತೋರಿಸಿ ಏನು ಪ್ರಯೋಜನ! ಇವಳು ಮತ್ತೆ ಕೇಳಿದಳು. ಈಗ ಬಾಯಲ್ಲಿ ಹೇಳಿದರು. ಹೊರಟಳು.

ಹಿಂಬಾಗಿಲಿನಿಂದ ಇನ್ನೊಬ್ಬರು ಇಳಿದರು. ತಲೆಗೆ ಟವೆಲ್ ಸುತ್ತಿದ್ದಾರೆ. ಶಿವಯ್ಯನವರು! ಬಸ್ ಹತ್ತಿಸುತ್ತೇನೆ ಅಂದವರು ತಾವೂ ಹತ್ತಿದ್ದಾರೆ. ನನ್ನನ್ನು ನೋಡಿದರು. ಬಾಯಿಗೆ ಬೆರಳಿಟ್ಟರು. ಕಂಬದ ಹಿಂದೆ ಸರಿದರು.

ಅರಸೀಕೆರೆ ಬಸ್ ಹಿಂದಕ್ಕೆ ಬರುತ್ತಿದೆ. ಅವಳ ದಾರಿಗೆ ಅಡ್ಡ. ಕೂಗಲೇ? ಕರೀಬ್ಯಾಡಿ ಅಂದಿದ್ದಾಳೆ. ಶಿವಯ್ಯನವರು ಕಂಬ ಬಿಟ್ಟು ಮುಂದೆ ಬಂದರು...

ನಿಂತಳು. ತಾನೇ ನಿಂತಳು. ಬಸ್ ಹೋಗಲಿ ಅಂತ ಕಿವಿಗೊಟ್ಟು ಕಾದಳು. ಹೋಯಿತು. ಕೋಲು ಮುಂದಿಟ್ಟಳು. ಆಮೇಲೆ, ಹಿಂದೆ ತಿರುಗದೆಯೇ, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ —

"ಅಪ್ಪಾ, ಬಸ್ಸಲ್ಲಿ ಮೊಸಳೆಹೊಸಳ್ಳಿಯಿಂದ ಕೆಮ್ತಾ ಇದ್ದೀಯ. ಬಾ ಅತ್ಲಾಗೆ, ಕಾಫಿ ಕುಡ್ದು ಓಗಾನ."

ಶಿವಯ್ಯನವರು ಟವೆಲ್ ಬಿಚ್ಚಿ ಮುಖ ಒತ್ತಿಕೊಂಡಿದ್ದಾರೆ. ನಗುತ್ತಿದ್ದಾರೋ ಏನೋ ಇಲ್ಲಿಂದ ತಿಳಿಯುತ್ತಿಲ್ಲ. ಹೂವಿನ ಹೆಂಗಸು ನನ್ನನ್ನು ಏನೋ ಕೇಳುತ್ತಿದ್ದಾಳೆ. ನಾನು ಬಾಯಿ ಬಿಟ್ಟಿಲ್ಲ. ಬಿಂದು ನೇರ ಗೇಟಿನ ಕಡೆಗೇ ಬರುತ್ತಿದ್ದಾಳೆ, ಇನ್ನೇನು ಹತ್ತಿರ, ಪೆನ್ನು ಮುಚ್ಚಬೇಕು, ಈಗ —