ಉಜ್ಜಿ ತೊಳೆದ ಮನೆ

ಮಾರ್ಚ್ 4, ಮಂಗಳವಾರ

ಇನ್ನೊಂದು ಕುರಿ ಈಯಿತು. ಅವಳಿ. ಎರಡನೆಯ ಮರಿಗೆ ತಾಯಿ ಮೊಲೆ ಕೊಡಲೊಲ್ಲದು, ಬಾಟಲಿಯಲ್ಲಿ ಕುಡಿಸಿದೆ. ಕೊಟ್ಟಿಗೆ ಬಾಗಿಲಲ್ಲಿ ನಿಂತು ಕುಡಿಸುತ್ತಿದ್ದಾಗ ಕಂಡಿತು — ಆ ಬಿಳಿ ಕಾರು ಮತ್ತೆ ಬಂದಿದೆ. ದೇಶದ ಪಶ್ಚಿಮದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮಾರ್ಲೀನ್ ಮನೆ ಮುಂದೆ. ಕೋಟಿನ ಗಂಡಸು, ಕೊರಳಿಗೆ ಕ್ಯಾಮೆರಾ. ಇಬ್ಬರೂ ರಸ್ತೆಯಲ್ಲೇ ನಿಂತು ಹಾರ್ಬರಿಂಕ್ ಕಡೆ ಕೈ ತೋರಿಸಿ ಏನೋ ಗುಸುಗುಸು. ನನ್ನನ್ನು ಕಂಡು ಅವಳು ಕೈ ಬೀಸಿದಳು. ನಾನು ಬೀಸಲಿಲ್ಲ. ಕೈಯಲ್ಲಿ ಬಾಟಲಿ ಇತ್ತಲ್ಲ.

ಯಾರವನು? ಬಿಲ್ಡರ್ ಕಡೆಯವನೇ. ಇನ್ಯಾರು?

ಹಾರ್ಬರಿಂಕ್ ಅಂದರೆ ನನಗೆ ಬರೀ ಹಳೇ ಮನೆಯಲ್ಲ. ಅಪ್ಪ ಗೇಣಿ ಮಾಡಿದ್ದು ಅಲ್ಲಿ, ನಾನು ಹುಟ್ಟಿದ್ದು ಅಲ್ಲಿ. ಈಗ ಪುರಸಭೆಯ ಸ್ವತ್ತು. ಮನೆಗೆ ಬೀಗ, ದೊಡ್ಡ ಕೊಟ್ಟಿಗೆ ಮಾತ್ರ ನನ್ನ ಕುರಿಗಳಿಗೆ ಬಿಟ್ಟಿದ್ದಾರೆ, ಬೀಗದ ಕೈಯೂ ನನ್ನ ಹತ್ತಿರವೇ. ಬೇಸಿಗೆಗೆ ಎರಡನ್ನೂ ಕೆಡವಿ ರಜಾ ಬಂಗಲೆ ಕಟ್ಟುತ್ತಾರಂತೆ — ಪಟ್ಟಣದವರು ಬಂದು ಮೂರು ದಿನ ಮಾಂಸ ಸುಟ್ಟುಕೊಂಡು ತಿನ್ನಲು. ಹಳೇ ಕಟ್ಟಡಗಳ ಸಮಿತಿ ಬಂದು ನೋಡಿ “ಇದನ್ನು ಉಳಿಸಿ” ಅಂದರೆ ಉಂಟು. ಇಲ್ಲದಿದ್ದರೆ ಮುಗಿಯಿತು. ಇಪ್ಪತ್ತೈದಕ್ಕೆ ಬರುತ್ತಾರೆ.

ಮಾರ್ಚ್ 7, ಶುಕ್ರವಾರ

ಮಾರ್ಲೀನ್ ಕಾಫಿಗೆ ಕರೆದಳು. ಹೋದೆ, ಏನು ಹೊಂಚು ಅಂತ ತಿಳಿಯಬೇಕಲ್ಲ. ಈ ಪಶ್ಚಿಮದವರೇ ಹೀಗೆ... ಎಲ್ಲರ ಹಾಗೆ ಕಾಫಿ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬ ಮುಚ್ಚುವುದು ಬಿಟ್ಟು, ಇಡೀ ಡಬ್ಬವನ್ನೇ ಮುಂದಿಟ್ಟಳು. ಯಾವ ಲಾಭಕ್ಕೆ ಇಷ್ಟು ಉಪಚಾರ? ಸಂಜೆಯಾದರೆ ಊರಲ್ಲಿ ಬೇರೆ ಯಾರೂ ಎಳೆಯದ ಪರದೆ ಬೇರೆ ಎಳೆದುಬಿಡುತ್ತಾಳೆ. ಮುಚ್ಚಿಡುವಂಥದ್ದು ಏನೂ ಇಲ್ಲದವರಿಗೆ ಪರದೆ ಯಾಕೆ?

“ಹರ್ಮಿನಾ, ಒಂದು ಮಾತು. ಸಮಿತಿಯವರು ಬರೋವರೆಗೂ ಅಲ್ಲಿ ಏನನ್ನೂ ಮುಟ್ಟಬೇಡಿ. ಕಸ ಕೂಡ ಗುಡಿಸಬೇಡಿ.”

“ಯಾಕಂತೆ?”

“ಹೇಗಿದೆಯೋ ಹಾಗೇ ನೋಡಬೇಕು ಅವರು. ಎಲ್ಲಾ ಇರೋದೇ ಅದರಲ್ಲಿ.”

“ಅದರಲ್ಲಿ ಇರೋದು ಜೇಡರ ಬಲೆ,” ಅಂದೆ.

ನಕ್ಕಳು. ಇನ್ನೂ ಏನೋ ಹೇಳಲು ಬಾಯಿ ತೆರೆದಳು. ಕುರಿಗಳ ನೆಪ ಹೇಳಿ ಎದ್ದುಬಂದೆ. ಬಣ್ಣದ ಮಾತು ಯಾರಿಗೆ ಬೇಕು.

ಮಾರ್ಚ್ 8

ಪಕ್ಕದ ಹೊಲದ ಬೆರೆಂಡ್ ನನ್ನನ್ನು ಕಂಡು ಟ್ರ್ಯಾಕ್ಟರ್ ನಿಲ್ಲಿಸಿದ. ಎಲ್ಲ ಹೇಳಿದೆ. ತೊಡೆ ತಟ್ಟಿಕೊಂಡು ನಕ್ಕ.

“ಅಷ್ಟೂ ತಿಳಿಯಲ್ವೇನೇ ನಿಂಗೆ? ಕೊಳಕು ಮನೆ ನೋಡಿ ಸಮಿತಿಯೋರು ಮೂಗು ಮುಚ್ಕೊಂಡು ವಾಪಸ್ ಹೋಗ್ಲಿ ಅಂತ ಅವಳ ಪ್ಲಾನು.”

“ನಂಗೂ ಹಂಗೇ ಅನ್ನಿಸ್ತು.”

“ಮದುವೆ ಅಂದ್ರೆ ನೆರೆಯೋರೆಲ್ಲ ಹೋಗಿ ಉಜ್ಜಿ ತೊಳ್ದು ಕೊಡ್ತೀವೋ ಇಲ್ವೋ? ಇದೂ ಹಂಗೇ. ಹಾರ್ಬರಿಂಕ್‌ಗೆ ಮೊದಲ ನೆರೆ ನೀನು, ಎಲ್ಲರಿಗಿಂತ ಹತ್ತಿರದ ಮನೆ ನಿಂದು. ನೀನು ಕರೆದ್ರೆ ಯಾರು ಬರಲ್ಲ ಅಂತಾರೆ?”

ನಿಜ. ಮೊದಲ ನೆರೆಯವಳು ಕರೆದರೆ ಬರಲೇಬೇಕು, ಅದು ಇಲ್ಲಿಯ ಕಟ್ಟು. ಮನೆಮನೆಗೆ ಹೋಗಿ ಹೇಳಿ ಬಂದೆ. ಅವಳೊಬ್ಬಳಿಗೆ ಹೇಳಲಿಲ್ಲ. ಬಂದು ನಾಲ್ಕು ವರ್ಷವಾದರೂ ಅವಳನ್ನು ಯಾರೂ ನೆರೆ ಮಾಡಿಕೊಂಡಿಲ್ಲ — ಬಾಗಿಲಿಗೆ ಹಸಿರು ತೋರಣ ಕಟ್ಟಿಲ್ಲ, ನೆರೆಯಾಗುವಾಗ ಕೊಡುವ ಒಂದು ಗುಟುಕು ಮದ್ಯ ಅವಳ ಕೈಯಿಂದ ಕುಡಿದಿಲ್ಲ. ಲೆಕ್ಕಕ್ಕೆ ಅವಳು ನೆರೆಯೇ ಅಲ್ಲ.

ಮಾರ್ಚ್ 22, ಶನಿವಾರ. ಸಂಜೆ.

ಸೊಂಟ ಬಿದ್ದುಹೋಗಿದೆ. ಆದರೆ ಎಂಥಾ ದಿನ!

ಎಲ್ಲರೂ ಬಂದರು. ಬೆರೆಂಡ್ ನೀರು ಹೊಡೆಯುವ ಮೆಷಿನ್ನು ತಂದ. ಹೆಂಗಸರು ತಂತಿ ಬ್ರಷ್ಷು, ಸೋಡಾ ನೀರು. ಒಲೆಯ ಮೇಲಿನ ತೊಲೆಗಳು ಇದ್ದಿಲಿನಂತಿದ್ದವು, ಉಜ್ಜಿ ಉಜ್ಜಿ ಜೇನಿನ ಬಣ್ಣ ಬಂತು. ಆ ಮನೆಗೆ ಹೊಗೆಗೂಡು ಅನ್ನುವುದೇ ಇರಲಿಲ್ಲವಲ್ಲ, ಅಜ್ಜಿಯ ಕಾಲದ ಹೊಗೆಯೆಲ್ಲ ಅಲ್ಲೇ ಕೂತಿತ್ತು. ಕೊಟ್ಟಿಗೆಯ ತಡಿಕೆ ಗೋಡೆಗಳ ಮಣ್ಣು ಉದುರುತ್ತಿತ್ತು. ಕಿತ್ತು ಹಾಕಿ ಹೊಸ ಹಲಗೆ ಹೊಡೆದರು. ಹಳೇ ತಡಿಕೆಗಳನ್ನು ಅಂಗಳದಲ್ಲಿ ಸುಟ್ಟೆವು. ಬಟಾಣಿ ಸೂಪು ನನ್ನದು. ಬಡಗಿ ಖೆರ್ಟ್ ಮೂರು ಬಟ್ಟಲು ಹೊಡೆದ.

ಹನ್ನೊಂದರ ಸುಮಾರಿಗೆ ಅವಳು ಓಡಿಬಂದಳು. ಮನೆಯ ಚಪ್ಪಲಿಯಲ್ಲೇ.

“ನಿಲ್ಲಿಸಿ! ಹರ್ಮಿನಾ, ನಿಮಗೆ ಕೈ ಮುಗೀತೀನಿ, ನಿಲ್ಲಿಸಕ್ಕೆ ಹೇಳಿ!”

ಬಾಗಿಲಿಗೆ ಅಡ್ಡ ನಿಂತೆ. “ಇದು ನೆರೆಯವರ ಕೆಲಸ. ನಿಮಗೇನು ಇಲ್ಲಿ?”

ಏನೇನೋ ಕೂಗಿದಳು. ಮೆಷಿನ್ನಿನ ಗದ್ದಲದಲ್ಲಿ ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ಅತ್ತುಕೊಂಡು ಹೋದಳು. ಅಬ್ಬಾ ನಾಟಕವೇ! ಲೆಕ್ಕಾಚಾರ ತಲೆಕೆಳಗಾಯಿತಲ್ಲ, ಅದಕ್ಕೆ ಅಳು. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು.

ಮಾರ್ಚ್ 25

ಬಿಳಿ ಕಾರು ಹಾರ್ಬರಿಂಕ್ ಅಂಗಳಕ್ಕೇ ಬಂದು ನಿಂತಿತು. ಅದೇ ಮನುಷ್ಯ. ಸಮಿತಿಯವನು.

ಬಿಲ್ಡರ್ ಕಡೆಯವನಲ್ಲ. ಸಮಿತಿಯವನು. ಎರಡು ವರ್ಷ ಬೆನ್ನು ಬಿದ್ದು ಅವನನ್ನು ಇಲ್ಲಿಗೆ ಹೊರಡಿಸಿದ್ದೇ ಮಾರ್ಲೀನ್ ಅಂತೆ. ಅವನೇ ಹೇಳಿದ, ಬೂಟು ಒರೆಸುತ್ತಾ, ನಗುನಗುತ್ತಾ.

ಒಳಗೆ ಹೋದ ಮೇಲೆ ನಗಲಿಲ್ಲ.

ತೊಲೆ ಮೇಲೆ ಅಂಗೈ ಇಟ್ಟ. ತೆಗೆದು ನೋಡಿಕೊಂಡ. ಶುಭ್ರ. “ಮಸಿ ಎಲ್ಲಿ?”

“ಉಜ್ಜಿದ್ವಿ,” ಅಂದ ಬೆರೆಂಡ್, ಎದೆಯುಬ್ಬಿಸಿ.

“ಮುನ್ನೂರು ವರ್ಷದ ಹೊಗೆ ಇತ್ತು ಇಲ್ಲಿ. ಹೊಗೆಗೂಡಿಲ್ಲದೆ ಜನ, ದನ ಒಂದೇ ಸೂರಡಿ ಬಾಳಿದ್ದಕ್ಕೆ ಸಾಕ್ಷಿ ಅಂತ ಇದ್ದಿದ್ದು ಅದೊಂದೇ. ಕೊಟ್ಟಿಗೆಯ ಮಣ್ಣಿನ ಗೋಡೆ?”

ಅಂಗಳದ ಬೂದಿ ಕಡೆ ನೋಡಿದೆ. ಅವನೂ ನೋಡಿದ.

“ಯಾರು ಮಾಡಿದ್ದು ಇದನ್ನ?”

ಬೆರೆಂಡ್ ಟೊಪ್ಪಿ ತೆಗೆದು ತಿರುಗಿಸುತ್ತಾ ನಿಂತ. ಆಗ ಹಿಂದಿನಿಂದ ಮಾರ್ಲೀನ್ —

“ನಾವೇ. ನೆರೆಯವರೆಲ್ಲ ಸೇರಿ.”

ನನ್ನ ಕಡೆ ನೋಡಲೂ ಇಲ್ಲ.

ಮಾರ್ಚ್ 26

ಯಾಕೆ ಹಾಗೆ ಹೇಳಿದಳು? ನನ್ನ ಹೆಸರು ಹೇಳಬಹುದಿತ್ತು. ಇದರಲ್ಲೂ ಏನೋ ಇದೆ. ನನ್ನನ್ನು ಋಣಕ್ಕೆ ಕೆಡವಲು...

ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಏಪ್ರಿಲ್ 17

ಸಮಿತಿ ಒಲ್ಲೆ ಅಂದಿತು. ಉಳಿಸುವಂಥದ್ದು ಏನೂ ಉಳಿದಿಲ್ಲವಂತೆ.

ಕುರಿಗಳನ್ನು ಬೆರೆಂಡ್ ಶೆಡ್ಡಿಗೆ ಹೊಡೆದುಕೊಂಡು ಹೋದೆವು.

ಮೇ 12, ಸೋಮವಾರ

ನಾಳೆ ಬೆಳಗ್ಗೆ ಕೆಡವುತ್ತಾರೆ. ಹಳದಿ ಯಂತ್ರ ಇವತ್ತೇ ಬಂದು ಓಕ್ ಮರದ ಕೆಳಗೆ ನಿಂತಿದೆ.

ಮಧ್ಯಾಹ್ನ ಕಪ್ಪು ಕೋಟು ಹಾಕಿಕೊಂಡೆ. ಸಾವಾದರೆ ಮನೆಮನೆಗೆ ಹೋಗಿ ಹೇಳುವುದು ಮೊದಲ ನೆರೆಯ ಕೆಲಸ. ಒಳಗೆ ಹೋಗಬಾರದು, ಕೂರಬಾರದು; ಹೊಸ್ತಿಲಲ್ಲಿ ನಿಂತು ಹೇಳಿ ಬರಬೇಕು. ಮನೆಗೂ ಹಾಗೆ ಹೇಳಿದವರು ಇದ್ದಾರೋ ಇಲ್ಲವೋ ತಿಳಿಯದು. ನಾನು ಹೇಳಿದೆ. “ಹಾರ್ಬರಿಂಕ್ ನಾಳೆ ಹೋಗುತ್ತೆ. ಎಂಟಕ್ಕೆ.” ಯಾರೂ ನಗಲಿಲ್ಲ. ಖೆರ್ಟ್ ಸುತ್ತಿಗೆ ಕೆಳಗಿಟ್ಟು ಟೊಪ್ಪಿ ತೆಗೆದ. ಬೆರೆಂಡ್ “ಬರ್ತೀನಿ ಕಣೇ” ಅಂದವನು ಬಾಗಿಲು ಹಾಕಿಕೊಂಡ. ಒಳಗೆ ಅಳುವುದು ಕೇಳಿಸಿತು.

ಎಲ್ಲ ಮನೆ ಆಯಿತು. ಅವಳದೊಂದು ಬಾಕಿ.

ಈ ಸುದ್ದಿ ಹೇಳುವುದು ನೆರೆಯವರಿಗೆ ಮಾತ್ರ. ಅವಳ ಬಾಗಿಲಿಗೆ ಹೋದೆನೆಂದರೆ ಅವಳು ನೆರೆಯಾದ ಹಾಗೆ. ಆಗಲಿ. ಮೊದಲೇ ಆಗಬೇಕಿತ್ತು. ಆಗಿದ್ದರೆ ಅವತ್ತು ಬಾಗಿಲಿಗೆ ಅಡ್ಡ ನಿಲ್ಲುತ್ತಿರಲಿಲ್ಲ, ಅವಳ ಮಾತು ಕೇಳುತ್ತಿದ್ದೆ, ಮನೆ ಉಳಿಯುತ್ತಿತ್ತು.

ಕೋಟು ಬಿಚ್ಚಿಲ್ಲ. ಬೂಟೂ ಕಾಲಲ್ಲೇ ಇದೆ. ಒಂದು ಗಂಟೆಯಿಂದ ನಮ್ಮನೆ ಅಡುಗೆಮನೆಯಲ್ಲೇ ಕೂತಿದ್ದೇನೆ, ಬೇರೆ ಮನೆಗಳಲ್ಲಿ ಹೇಳಿದ ಮಾತು ಅವಳಿಗೆ ಸಾಲದು. ಹೋಗಬೇಕು. ಬಾಗಿಲು ತೆರೆದ ಕೂಡಲೇ ಯಂತ್ರದ ವಿಷಯವಲ್ಲ, ಎಂಟು ಗಂಟೆಯಲ್ಲ, ಅವಳಿಗೆ ಮೊದಲು ಹೇಳಬೇಕಾದದ್ದು ‘ತಪ್ಪು ನನ್ನದು’ ಅಂತ.