ಹಳಿಯಾಳ ಹನ್ನೆರಡು ಕಿಲೋಮೀಟರ್

ಮಿಲ್ ಕಾಲೋನಿ, ದಾಂಡೇಲಿ
ಸೋಮವಾರ, ೧೬-೨-೨೦೦೪

ಪ್ರೀತಿಯ ಮಧುಮತಿ,

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ಡಾಕ್ಟರು ಬರೆದುಕೊಟ್ಟ ಗುಳಿಗೆಗಳನ್ನು ನುಂಗುತ್ತಿದ್ದೀಯಾ, ಇಲ್ಲ ಎಂದಿನಂತೆ ದಿಂಬಿನ ಕೆಳಗೆ ಸೇರಿಸುತ್ತಿದ್ದೀಯಾ? ನಿಮ್ಮ ಅವ್ವ ನೀಲಕ್ಕನವರ ಮೊಣಕಾಲು ಈ ಚಳಿಗೆ ಏನು ಮಾಡಿತು? ಇಲ್ಲಿ ನಾನು, ನಮ್ಮವ್ವ ಇಬ್ಬರೂ ಆರಾಮ. ನೀನು ನೆಟ್ಟ ಕರಿಬೇವು ನನ್ನ ಎದೆಮಟ್ಟ ಬಂದಿದೆ. ಮೂರು ತಿಂಗಳಲ್ಲಿ ಇದು ನನ್ನ ಮೊದಲ ಪತ್ರ ಎಂಬುದು ನನಗೂ ಗೊತ್ತು. ಮೂರು ಸಲ ಇನ್‌ಲ್ಯಾಂಡ್ ತಂದೆ. ‘ಆರಾಮ’ ಎಂದು ಬರೆದ ಮೇಲೆ ಮುಂದೆ ಏನೂ ತೋಚದೆ ಮಡಚಿ ಇಟ್ಟೆ. ಈಗ ಬರೆಯುವುದಕ್ಕೆ ಒಂದು ಸುದ್ದಿ ಸಿಕ್ಕಿದೆ. ನಗಬೇಡ. ನಕ್ಕರೂ ಚಿಂತೆಯಿಲ್ಲ, ನಗು.

ನಿನ್ನೆ ನಾನು ಟ್ರಯಥ್ಲಾನ್ ಎಂಬ ಸ್ಪರ್ಧೆಯಲ್ಲಿ ಭಾಗವಹಿಸಿದೆ. ಮೊದಲು ಈಜಬೇಕು, ನೀರಿನಿಂದ ಎದ್ದವರೇ ಸೈಕಲ್ ಹತ್ತಬೇಕು, ಸೈಕಲ್ ಬಿಟ್ಟವರೇ ಓಡಬೇಕು. ನಡುವೆ ಕೂತು ಚಹಾ ಕುಡಿಯುವ ಹಾಗಿಲ್ಲ. ಏಳುನೂರೈವತ್ತು ಮೀಟರ್ ಈಜು, ಇಪ್ಪತ್ತು ಕಿಲೋಮೀಟರ್ ಸೈಕಲ್, ಐದು ಕಿಲೋಮೀಟರ್ ಓಟ. ಇದು ಎಲ್ಲಕ್ಕಿಂತ ಸಣ್ಣದಂತೆ, ‘ಸ್ಪ್ರಿಂಟ್’ ಅನ್ನುತ್ತಾರಂತೆ. ದೊಡ್ಡದನ್ನು ಮಾಡುವವರ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇನೋ. ನನ್ನ ಹೆಸರು ಕೊಟ್ಟವನು ನಮ್ಮ ಪಾಳಿಯ ವಿಠ್ಠಲ. ‘ಮಲ್ಲೇಶಣ್ಣ, ಹೆಸರು ಬರಸ್ಲೇನು?’ ಎಂದ. ನಾನು ಹೂಂ ಎಂದೆ. ಈಗೀಗ ನಾನು ಎಲ್ಲದಕ್ಕೂ ಹೂಂ ಅನ್ನುತ್ತೇನೆ, ಮಧು. ಡಬಲ್ ಡ್ಯೂಟಿಗೆ ಹೂಂ, ಉಪ್ಪಿಲ್ಲದ ಸಾರಿಗೆ ಹೂಂ. ಅವ್ವ ಒಂದು ದಿನ ಬೇಕೆಂದೇ ಉಪ್ಪು ಬಿಟ್ಟು ನೋಡಿದಳಂತೆ.

ತಯಾರಿ ಎಂದರೆ ಎಂಟು ದಿನ. ಸೈಕಲ್ ಹೇಗೂ ದಿನಾ ಮಿಲ್ಲಿಗೆ ತುಳಿಯುತ್ತೇನೆ. ಓಡಿದ್ದು ಶಾಲೆಯಲ್ಲಿ, ಮಾಸ್ತರರು ಅಟ್ಟಿಸಿಕೊಂಡು ಬಂದಾಗ. ಈಜು ಕಲಿತದ್ದು ಕಲಘಟಗಿ ಕಡೆಯ ನಮ್ಮ ಊರಿನ ಬಾವಿಯಲ್ಲಿ, ಅಜ್ಜ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ದೂಡಿದಾಗ. ಆಮೇಲೆ ನೀರಿಗಿಳಿದದ್ದು ಕೈಬೆರಳಲ್ಲಿ ಎಣಿಸುವಷ್ಟು ಸಲ. ಈಜು ಮತ್ತೆ ಮರೆತುಹೋಗುತ್ತದೆಯೇ ಎಂದು ವಿಠ್ಠಲನಿಗೆ ಜಂಬ ಕೊಚ್ಚಿದ್ದೆ.

ಮೌಳಂಗಿಯ ಹತ್ತಿರ ಹೊಳೆ ಸಾವಕಾಶ ಹರಿಯುವ ಕಡೆ ಹಗ್ಗಕ್ಕೆ ಕೆಂಪು ಡಬ್ಬಿ ಕಟ್ಟಿ ತೇಲಿಬಿಟ್ಟಿದ್ದರು. ನಲವತ್ತೊಂದು ಜನ. ಧಾರವಾಡದ ಕಾಲೇಜು ಹುಡುಗರು, ಬೆಳಗಾವಿಯ ಪೊಲೀಸರು, ಕೊನೆಗೆ ನಾನು. ತೋಳಿನ ಮೇಲೆ ಮಸಿಯಿಂದ ೪೧ ಎಂದು ಬರೆದರು. ಮೊಸಳೆಯ ಭಯ ಇಲ್ಲವೇ ಎಂದು ಪೊಲೀಸನೊಬ್ಬ ಕೇಳಿದ. ಅವು ಆ ಕಡೆ ದಂಡೆಯ ಮೇಲೆ ಬಿಸಿಲು ಕಾಯಿಸುತ್ತವೆ, ಈ ಕಡೆ ಬರುವುದಿಲ್ಲ ಎಂದೆ. ಅಲ್ಲಿಂದ ಅವನು ನನ್ನನ್ನು ಬಿಟ್ಟು ದೂರ ನಿಂತ. ಮಾಘದ ನೀರು, ಬೆಳಗಿನ ಏಳು ಗಂಟೆ. ಇಳಿದಾಗ ಎಲ್ಲರೂ ಕೂಗಿದರು. ನನಗೆ ತಣ್ಣಗಾಗಲಿಲ್ಲ. ಹಾಗೆಂದು ಬೆಚ್ಚಗೂ ಇರಲಿಲ್ಲ.

ಆಗ ನೋಡು ನನ್ನ ಬಾವಿಯ ಈಜು ಹೊರಬಿತ್ತು. ಬಾವಿಯಲ್ಲಿ ಯಾರೂ ನೇರ ಈಜುವುದಿಲ್ಲ, ನಾಲ್ಕು ಕೈ ಹೊಡೆದರೆ ಗೋಡೆ ಬರುತ್ತದೆ. ಗೋಡೆಗುಂಟ ಎಡಕ್ಕೆ ಸುತ್ತುವುದೇ ಅಜ್ಜ ಕಲಿಸಿದ್ದು. ಗೋಡೆಯಿಲ್ಲದ ಹೊಳೆಯಲ್ಲೂ ನನ್ನ ಮೈ ಅದನ್ನೇ ಮಾಡಿತು. ನಾಲ್ಕು ಕೈ ಹೊಡೆಯುವುದು, ಎಡಕ್ಕೆ ಹೊರಳುವುದು. ದೋಣಿಯಲ್ಲಿದ್ದವನು ಬಾಯಿ ಬಾಯಿ ಬಡಿದುಕೊಂಡ. ‘ಏ ನಲ್ವತ್ತೊಂದು, ಎಲ್ಲಿ ಹೊಂಟಿಯೋ ಮಾರಾಯಾ! ಬಲಕ್ಕ ಬಾ, ಬಲಕ್ಕ!’ ನಾನು ಬಲಕ್ಕೆ ಬರುತ್ತಿದ್ದೆ, ಮತ್ತೆ ಸುತ್ತುತ್ತಿದ್ದೆ. ಉಳಿದವರು ಈಜಿದ್ದಕ್ಕಿಂತ ಹೆಚ್ಚೇ ಈಜಿದೆ. ದಂಡೆಗೆ ಬಂದಾಗ ಅಲ್ಲಿ ನನ್ನ ಸೈಕಲ್ ಒಂದೇ ನಿಂತಿತ್ತು. ಹಿಂದಿನ ಕ್ಯಾರಿಯರ್‌ಗೆ ಬುತ್ತಿ ಕಟ್ಟುವ ಟ್ಯೂಬು ಕೂಡ ಹಾಗೇ ಇತ್ತು.

ಸೈಕಲ್ ದಾರಿ ನಿಮ್ಮ ಹಳಿಯಾಳದ ಕಡೆಗೆ. ಹತ್ತು ಕಿಲೋಮೀಟರ್ ಹೋಗಿ ತಿರುಗಿ ಬರಬೇಕು. ಇದನ್ನು ವಿಠ್ಠಲ ಮೊದಲು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಎದುರಿಗೆ ಕಬ್ಬಿನ ಖಾಲಿ ಲಾರಿಗಳು, ತಿರುಗಿ ಬರುತ್ತಿದ್ದ ಹುಡುಗರು. ಆ ರಸ್ತೆಯಲ್ಲಿ ನಾನು ಕೊನೆಯ ಸಲ ಹೋದದ್ದು ನವೆಂಬರಿನಲ್ಲಿ, ಬಸ್ಸಿನಲ್ಲಿ.

ಆ ದಿನದ್ದು ನಿನಗೆ ಗೊತ್ತಿರುವುದೇ. ಆದರೂ ನನ್ನ ಕಡೆಯಿಂದ ಒಂದು ಸಲ ಹೇಳಿಬಿಡುತ್ತೇನೆ. ನಮ್ಮ ಮಗಳು ಒಂಬತ್ತು ದಿನ ಇದ್ದಳು. ನಿಮ್ಮ ಕಾಕಾ ಮತ್ತು ನಾನು ಅವಳನ್ನು ಹೊಲದಲ್ಲಿ ಮಣ್ಣು ಮಾಡಿದೆವು. ನಾನು ಕೈಕಾಲು ತೊಳೆದೆ, ಗಡಿಯಾರ ನೋಡಿದೆ, ಬಸ್ಸು ಹತ್ತಿ ಎರಡನೇ ಪಾಳಿಗೆ ಹೋದೆ. ನೀನು ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು, ‘ನಿಮ್ಮ ಎದಿಯಾಗ ಕಲ್ಲ ಐತೇನ್ರಿ?’ ಎಂದು ಕೇಳಿದ್ದೆ. ಕಲ್ಲಾಗಿದ್ದರೆ ಭಾರವಾದರೂ ಗೊತ್ತಾಗುತ್ತಿತ್ತು, ಮಧು. ಏನೂ ಇರಲಿಲ್ಲ. ಅವತ್ತು ಮಷಿನ್ನಿನ ಮುಂದೆ ಎಂಟು ತಾಸು ನಿಂತೆ, ಒಂದು ತಪ್ಪೂ ಆಗಲಿಲ್ಲ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮುಂದೆ ನಿನ್ನನ್ನು ಕರೆಯಲು ಯಾಕೆ ಬರಲಿಲ್ಲ ಎಂದು ಕೇಳುತ್ತೀಯಾ. ಅವ್ವ ಹೇಳಿದ ಮಾತು ಇಷ್ಟೇ: ‘ಹಡೀಲಿಕ್ಕೆ ಹೋದಾಕಿನ್ನ ಕೂಸಿನ ಜೋಡಿ ಕರ್ಕೊಂಡ್ ಬರೂದು ಪದ್ಧತಿ. ಈಗ ಏನಂತ ಹೋಗೂದು? ಮನಸ್ಸಾದಾಗ ಅಕಿನ ಬರ್ತಾಳ.’ ನೀಲಕ್ಕನವರು, ಗಂಡನ ಮನೆಯವರು ಬಂದು ಕರೆಯದೆ ಮಗಳನ್ನು ಕಳಿಸುವವರಲ್ಲ. ಹೀಗೆ ಅವ್ವ ನಿನ್ನ ದಾರಿ ಕಾಯುತ್ತಾ, ನೀನು ನಮ್ಮ ದಾರಿ ಕಾಯುತ್ತಾ ಮೂರು ತಿಂಗಳು ಕಳೆಯಿತು. ತೊಟ್ಟಿಲು ತರುವಾಗ ಏನೇನು ಕಟ್ಟಬೇಕು, ಉಡಿಯಲ್ಲಿ ಏನು ಹಾಕಬೇಕು ಎಂದೆಲ್ಲ ನಮ್ಮಲ್ಲಿ ಪದ್ಧತಿ ಇದೆ. ಬರಿಗೈಯಲ್ಲಿ ಕರೆತರುವುದಕ್ಕೆ ಯಾರೂ ಪದ್ಧತಿ ಮಾಡಿಟ್ಟಿಲ್ಲ. ನಾನು ಅದಕ್ಕೂ ಹೂಂ ಅಂದೆ.

ತಿರುಗುವ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಸುಶೀಲವ್ವ ಎಂಬ ಡ್ರಿಲ್ ಟೀಚರು ಕೂತಿದ್ದರು. ಬಂದವರ ಮುಂಗೈಗೆ ಕೆಂಪು ದಾರ ಕಟ್ಟುವುದು ಅವರ ಕೆಲಸ, ನಡುದಾರಿಯಿಂದ ಯಾರೂ ಕಳ್ಳತನದಲ್ಲಿ ಹೊರಳಿಹೋಗಬಾರದಲ್ಲ. ನನಗೂ ಕಟ್ಟಿದರು. ಅವರ ಹಿಂದೆ ಹಳದಿ ಕಲ್ಲು: ಹಳಿಯಾಳ ೧೨. ನಾನು ಒಂದು ಕಾಲು ನೆಲಕ್ಕಿಟ್ಟು ನಿಂತೆ. ‘ತಿರುಗ್ರಿ ಸರ, ರೇಸ್ ಇಲ್ಲಿಗೇ ಐತ್ರಿ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆರಾಮ ಇಲ್ಲೇನ್ರಿ? ನೀರು ಕುಡೀತೀರೇನು?’ ಎಂದರು. ಇನ್ನು ಹನ್ನೆರಡು ತುಳಿದರೆ ನಿಮ್ಮ ಮನೆ. ನೀನು ಆಗ ಹಿತ್ತಲಲ್ಲಿ ತಲೆ ಒಣಗಿಸುತ್ತಿರುತ್ತೀ ಅನ್ನಿಸಿತು. ಆದರೆ ಒದ್ದೆ ಚಡ್ಡಿಯಲ್ಲಿ, ತೋಳ ಮೇಲೆ ೪೧ ಬರೆಸಿಕೊಂಡು ಅತ್ತೆಯ ಮನೆಗೆ ಯಾವ ಅಳಿಯ ಹೋಗುತ್ತಾನೆ? ತಿರುಗಿದೆ. ಮೂರು ತಿಂಗಳಲ್ಲಿ ಮನಸ್ಸಿಗೆ ಬೇಡವಾದ ಕೆಲಸ ಎಂದು ಗೊತ್ತಾದದ್ದು ಅದೊಂದೇ, ಅಲ್ಲಿಂದ ತಿರುಗಿದ್ದು.

ಓಟದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕಾಲು ಸೌದೆಯಾಗಿದ್ದವು. ಒಂದಿಷ್ಟು ಓಡಿದೆ, ಒಂದಿಷ್ಟು ನಡೆದೆ. ಪೆಟ್ರೋಲ್ ಪಂಪಿನ ಹತ್ತಿರ ಎಮ್ಮೆಯೊಂದು ನನ್ನನ್ನು ಹಿಂದೆ ಹಾಕಿತು. ದಾರಿಯುದ್ದಕ್ಕೂ ಜನ ‘ನಲ್ವತ್ತೊಂದು, ನಲ್ವತ್ತೊಂದು’ ಎಂದು ಕೂಗುತ್ತಿದ್ದರು. ಮೂವತ್ತೊಂಬತ್ತನೆಯವನಾಗಿ ಮುಗಿಸಿದೆ. ಇಬ್ಬರು ದಾರಿಯಲ್ಲೇ ಕೈಚೆಲ್ಲಿದ್ದರು, ಹಾಗಾಗಿ ನನ್ನ ಹಿಂದೆ ಯಾರೂ ಇರಲಿಲ್ಲ ಎಂಬುದನ್ನು ನೀಲಕ್ಕನವರಿಗೆ ಹೇಳಬೇಡ. ಪ್ರಮಾಣಪತ್ರ ಬರೆಯುವವರು ಪೆನ್ನು ಹಿಡಿದು, ‘ಹೆಸರು ಹೇಳ್ರಿ’ ಎಂದರು. ನಾನು ಅವರ ಮುಖ ನೋಡುತ್ತಾ ನಿಂತುಬಿಟ್ಟೆ. ಕೊನೆಗೆ ವಿಠ್ಠಲನೇ ಹೇಳಿ ಬರೆಸಿದ.

ಇವತ್ತು ಬೆಳಿಗ್ಗೆ ಎದ್ದಾಗ ತೊಡೆ, ಹೆಗಲು, ಅಂಗಾಲು ಎಲ್ಲ ನೋವು. ಅವ್ವ ಎಳ್ಳೆಣ್ಣೆ ಕಾಯಿಸಿ ತಿಕ್ಕಿದಳು, ನಾನು ಅಯ್ಯೋ ಎಂದು ಕೂಗಿದೆ. ಅವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ತಿಕ್ಕಿದಳು. ನೋವು ಒಳ್ಳೆಯದೇ ಅನ್ನಿಸಿತು. ಪಾಳಿಗೆ ಹೊತ್ತಾಯಿತು. ನಿಮ್ಮ ಅವ್ವನಿಗೆ, ಕಾಕಾನಿಗೆ ನನ್ನ ನಮಸ್ಕಾರ. ನಿನಗೆ ಅವ್ವನ ಆಶೀರ್ವಾದ. ಮೈ ಜೋಪಾನ.

ನಿನ್ನ
ಮಲ್ಲೇಶ

ತಾ.ಕ.: ಸೈರನ್ ಆಗುತ್ತಿದೆ, ಬೇಗ ಬರೆಯುತ್ತೇನೆ. ಬರುವ ರವಿವಾರ ಮೊದಲ ಬಸ್ಸಿಗೆ ನಿನ್ನನ್ನು ಕರೆಯಲು ಬರುತ್ತೇನೆ. ಅವ್ವನಿಗೆ ಹೇಳಿದ್ದೇನೆ, ಅವಳ ಒಪ್ಪಿಗೆ ಕೇಳಲಿಲ್ಲ. ಬರಲು ಮನಸ್ಸಿಲ್ಲದಿದ್ದರೆ ಹಾಗೇ ಹೇಳು, ಮುಂದಿನ ರವಿವಾರ ಮತ್ತೆ ಬರುತ್ತೇನೆ. ಇನ್ನೊಂದು ಮಾತು. ಆಸ್ಪತ್ರೆಯ ಚೀಟಿಯಲ್ಲಿ ‘ಮಧುಮತಿಯ ಹೆಣ್ಣು ಶಿಶು’ ಎಂದಷ್ಟೇ ಇದೆ. ಹದಿಮೂರನೇ ದಿನ ತೊಟ್ಟಿಲಿಗೆ ಹಾಕುವವರೆಗೆ ಹೇಳಬಾರದೆಂದು ನೀನೊಂದು ಹೆಸರು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ನಿನ್ನೆ ಅವರು ಹೆಸರು ಕೇಳಿದಾಗ ನನಗೆ ನನ್ನದು ನೆನಪಾಗಲಿಲ್ಲ, ಅವಳದು ನನಗೆ ಗೊತ್ತಿಲ್ಲ ಎಂಬುದು ನೆನಪಾಯಿತು. ಪತ್ರದಲ್ಲಿ ಬರೆಯಬೇಡ. ನಾನು ಬಂದಾಗ ಬಾಯಿಬಿಟ್ಟು ಹೇಳು. ಇಬ್ಬರೂ ಹೊಲಕ್ಕೆ ಹೋಗೋಣ, ಅವಳನ್ನು ಒಂದು ಸಲ ಹೆಸರು ಹಿಡಿದು ಕರೆಯಬೇಕು.